ಅಣಬೆಯಂತೆ ಕಾಣುವ ಕಾಡುಹೂವು, ಹೂವಿನಂತೆ ಬಿರಿಯುವ ಅಪರೂಪದ ಅಣಬೆ: ಇವೆರಡನ್ನು ಹೋಲಿಸುವುದು ಹೇಗೆ?

ತುಂಬೆಹೂ
ಎಲ್ಲರಿಗೂ ನಮಸ್ಕಾರ. ಹೋದ ಸೆಪ್ಟೆಂಬರ್‌ನಲ್ಲಿ ಹಿಮಾಲಯದ ಓಕ್ ಕಾಡೊಂದರಲ್ಲಿ ನಡೆಯುತ್ತಿದ್ದಾಗ ಒದ್ದೆ ತರಗೆಲೆಗಳ ನಡುವೆ ಮೇಣದಂತೆ ಬೆಳ್ಳಗಿದ್ದ ಹತ್ತು ಹನ್ನೆರಡು ಕಡ್ಡಿಗಳು ಕಂಡವು. ಗೇಣುದ್ದವೂ ಇಲ್ಲ. ತುದಿ ಬಾಗಿ ನೆಲ ನೋಡುತ್ತಿತ್ತು. ಹಸಿರೆಂಬುದು ಎಲ್ಲೂ ಇರಲಿಲ್ಲ. ನಾನು ಅಣಬೆ ಎಂದೆ, ಜೊತೆಗಿದ್ದ ಮಾರ್ಗದರ್ಶಿಯೂ ಅಣಬೆ ಎಂದರು. ಮನೆಗೆ ಬಂದು ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಬಾಗಿದ ತುದಿಯೊಳಗೆ ಎಸಳು, ಕೇಸರ ಎಲ್ಲವೂ ಇವೆ!

ಅದರ ಬೆನ್ನು ಹತ್ತಿ ಹುಡುಕುವಾಗ ಇನ್ನೊಂದು ಚಿತ್ರ ಸಿಕ್ಕಿತು. ನಕ್ಷತ್ರದ ಹಾಗೆ ಎಸಳು ಬಿಚ್ಚಿಕೊಂಡು ನೆಲದ ಮೇಲೆ ಕೂತ ಕಂದು ಹೂವು. ಕೆಳಗೆ ಬರೆದಿದ್ದದ್ದು ಮಾತ್ರ ‘ಅಪರೂಪದ ಅಣಬೆ’ ಎಂದು. ನನ್ನ ತಮ್ಮ ಹೇಳುತ್ತಾನೆ, ಹಸಿರಿಲ್ಲದ ಮೇಲೆ ಅದು ಗಿಡವೇ ಅಲ್ಲ, ಎರಡೂ ಒಂದೇ ಜಾತಿ. ಎರಡು ವಾರದಿಂದ ಮನೆಯಲ್ಲಿ ಇದೇ ವಾದ. ತಿಳಿದವರು ಬಿಡಿಸಿ ಹೇಳಿ. ಇವೆರಡರಲ್ಲಿ ನಿಜವಾಗಿ ಅಪರೂಪ ಯಾವುದು ಎಂಬುದೂ ತಿಳಿಯಬೇಕು.

ಬೇರುಚಿಗುರು
ನಿಮ್ಮದು ಗಿಡ. ಅನುಮಾನ ಬೇಡ. ಮೊನೊಟ್ರೋಪಾ ಯೂನಿಫ್ಲೋರಾ ಇರಬೇಕು. 1753ರಲ್ಲೇ ಸಸ್ಯವಿಜ್ಞಾನಿ ಲಿನೇಯಸ್ ಹೆಸರಿಟ್ಟ ಸಸ್ಯ. ಕಾಂಡಕ್ಕೊಂದೇ ಹೂವು. ರೋಡೋಡೆಂಡ್ರಾನ್ ಮತ್ತು ಬ್ಲೂಬೆರಿಗಳ ಕುಟುಂಬವಾದ ಎರಿಕೇಸಿಗೆ ಸೇರಿದ್ದು. ಕೇಸರ, ಅಂಡಾಶಯ, ಬೀಜ ಎಲ್ಲವೂ ಇರುವುದರಿಂದ ಹೂಬಿಡುವ ಸಸ್ಯವೇ. ಎಲೆಗಳೂ ಇವೆ, ಆದರೆ ಮೀನಿನ ಹುರುಪೆಯಷ್ಟು ಚಿಕ್ಕವಾಗಿ ಕಾಂಡಕ್ಕೆ ಅಂಟಿಕೊಂಡಿವೆ. ಚಿತ್ರದಲ್ಲಿ ಹುಡುಕಿದರೆ ಸಿಗುತ್ತವೆ.

ಪತ್ರಹರಿತ್ತು ಇಲ್ಲದ ಮಾತ್ರಕ್ಕೆ ಗಿಡ ಅಣಬೆಯಾಗುವುದಿಲ್ಲ ಎಂದು ನಿಮ್ಮ ತಮ್ಮನಿಗೆ ಹೇಳಿ.

ಅಲೆಮಾರಿ27
ತಮ್ಮನ ಪರವಾಗಿ ಒಂದು ಮಾತು. ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವುದೇ ಗಿಡದ ಗುಣ ಎಂದು ಶಾಲೆಯಲ್ಲಿ ಕಲಿಸಿದ್ದರಲ್ಲವೇ? ಆ ಗುಣವೇ ಇಲ್ಲದಿದ್ದರೆ ಗಿಡ ಎನ್ನಲು ಉಳಿದದ್ದೇನು?

ನಿವೃತ್ತಮೇಷ್ಟ್ರು
ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿದವನು ನಾನು. ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇಂಥ ಗಿಡಗಳನ್ನು ‘ಕೊಳೆತಿನಿ ಸಸ್ಯಗಳು’ ಎಂದೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಸಿದ್ದೇನೆ. ಕೊಳೆತ ಎಲೆಗಳಿಂದ ಆಹಾರ ಹೀರುತ್ತವೆ ಎಂದು ಪಠ್ಯದಲ್ಲಿತ್ತು, ನಾನೂ ಹಾಗೆಯೇ ಹೇಳಿದೆ. ಅದು ಸರಿಯಲ್ಲ. ಕೊಳೆತದ್ದನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ಯಾವ ಹೂಗಿಡಕ್ಕೂ ಇಲ್ಲ. ಅದು ಶಿಲೀಂಧ್ರದ ಕೆಲಸ.

ಅಲೆಮಾರಿಯವರೇ, ಕುಲ ಗೊತ್ತಾಗುವುದು ವಂಶದಿಂದ, ಕಸುಬಿನಿಂದಲ್ಲ. ಮೊನೊಟ್ರೋಪಾದ ಪೂರ್ವಿಕರು ಹಸಿರಾಗಿಯೇ ಇದ್ದರು. ಇದು ಆ ಕಸುಬನ್ನು ಬಿಟ್ಟ ಮಗು.

ಮಂಜಿನಹನಿ
ಹಾಗಾದರೆ ಇದು ಬಂದಳಿಕೆಯ ಹಾಗೆ, ಅಲ್ಲವೇ? ಮರದ ಮೇಲೆ ಬೇರೂರಿ ಮರದ ರಸ ಹೀರುವುದು.

ಬೇರುಚಿಗುರು
ಹೋಲಿಕೆ ಅರ್ಧ ಮಾತ್ರ ಸರಿ. ಬಂದಳಿಕೆಗೆ ಹಸಿರೆಲೆಗಳಿವೆ, ನೀರು ಮತ್ತು ಲವಣಗಳನ್ನು ಮರದಿಂದ ಎಳೆದುಕೊಂಡರೂ ಸಕ್ಕರೆಯನ್ನು ಬಹುಪಾಲು ತಾನೇ ತಯಾರಿಸುತ್ತದೆ. ಅಲ್ಲದೆ ಅದು ನೇರವಾಗಿ ಮರದೊಳಕ್ಕೆ ಬೇರು ಇಳಿಸುತ್ತದೆ. ಮೊನೊಟ್ರೋಪಾದ ಬೇರು ಯಾವ ಮರವನ್ನೂ ಮುಟ್ಟುವುದಿಲ್ಲ. ನಡುವೆ ಒಬ್ಬ ಮಧ್ಯವರ್ತಿ ಇದ್ದಾನೆ.

ಕವಕಜಾಲ
ಆ ಮಧ್ಯವರ್ತಿಯ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಹೂವನ್ನು ಹೊಗಳುವಾಗ ಎಲ್ಲರೂ ಅದನ್ನು ಮರೆಯುತ್ತಾರೆ.

ಓಕ್, ಬೀಚ್, ಪೈನ್‌ನಂಥ ಮರಗಳ ಎಳೆಬೇರುಗಳ ತುದಿಗೆ ಶಿಲೀಂಧ್ರದ ಎಳೆಗಳು ಹೊದಿಕೆಯಂತೆ ಸುತ್ತಿಕೊಂಡಿರುತ್ತವೆ. ಮಣ್ಣಿನ ಮೂಲೆಮೂಲೆಯಿಂದ ನೀರು, ರಂಜಕ, ಸಾರಜನಕವನ್ನು ಹೊತ್ತು ತಂದು ಮರಕ್ಕೆ ಕೊಡುವುದು ಶಿಲೀಂಧ್ರ. ಬದಲಿಗೆ ಮರ ತನ್ನ ಸಕ್ಕರೆಯನ್ನು ಕೊಡುತ್ತದೆ. ಈ ಕೂಡುಬಾಳ್ವೆಗೆ ‘ಮೈಕೊರೈಜಾ’ ಎಂದು ಜರ್ಮನಿಯ ಫ್ರಾಂಕ್ ಹೆಸರಿಟ್ಟದ್ದು 1885ರಲ್ಲಿ. ಅದಕ್ಕೂ ಕೆಲವು ವರ್ಷ ಮೊದಲು ಪೋಲೆಂಡಿನ ಕಮಿಯೆನ್ಸ್ಕಿ ಮೊನೊಟ್ರೋಪಾದ ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರ ಬೇರಿಗೂ ಮಣ್ಣಿಗೂ ನಡುವೆ ಶಿಲೀಂಧ್ರ ಬಿಟ್ಟರೆ ಬೇರೇನೂ ಇಲ್ಲ, ಗಿಡದ ಊಟ ಅದರ ಮೂಲಕವೇ ಬರಬೇಕು ಎಂದು ತರ್ಕಿಸಿದ್ದ.

ಪುರಾವೆ ಸಿಕ್ಕಿದ್ದು 1960ರಲ್ಲಿ. ಸ್ವೀಡನ್ನಿನ ಬ್ಯೋರ್ಕ್‌ಮನ್ ಸ್ಪ್ರೂಸ್ ಮತ್ತು ಪೈನ್ ಮರಗಳಿಗೆ ವಿಕಿರಣಶೀಲ ಇಂಗಾಲವಿದ್ದ ಸಕ್ಕರೆಯನ್ನು ಚುಚ್ಚಿದ. ಕೆಲವೇ ದಿನಗಳಲ್ಲಿ ಆ ಇಂಗಾಲ ಪಕ್ಕದಲ್ಲಿದ್ದ ಮೊನೊಟ್ರೋಪಾ ಹೈಪೊಪಿಟಿಸ್ ಗಿಡಗಳಲ್ಲಿ ಕಂಡಿತು. ಅದು ನಿಮ್ಮ ಹೂವಿನ ಹತ್ತಿರದ ಸಂಬಂಧಿ. ಮರದಿಂದ ಶಿಲೀಂಧ್ರಕ್ಕೆ, ಶಿಲೀಂಧ್ರದಿಂದ ಹೂವಿಗೆ. ಬಿಸಿಲು ಕಾಣದ ಆ ಬಿಳಿ ಹೂವು ತಿನ್ನುತ್ತಿರುವುದು ಕೊನೆಗೂ ಬಿಸಿಲನ್ನೇ, ಮೂರನೆಯ ಕೈಯಿಂದ.

ನಿಮ್ಮ ಯೂನಿಫ್ಲೋರಾ ನೆಚ್ಚಿಕೊಂಡಿರುವುದು ರುಸುಲಾ ಮತ್ತು ಲ್ಯಾಕ್ಟೇರಿಯಸ್ ಬಳಗದ ಅಣಬೆಗಳನ್ನು. ಅಂದರೆ ಅಣಬೆಯನ್ನು ಹೂವಿನ ಜೊತೆ ಹೋಲಿಸುವ ಮೊದಲೇ, ಆ ಹೂವಿನ ಬುಡದಲ್ಲೇ ಒಂದು ಅಣಬೆ ಇದೆ.

ಅಲೆಮಾರಿ27
ಸರಿ, ಗಿಡ ಎಂದು ಒಪ್ಪುತ್ತೇನೆ. ಆದರೆ ಕಳ್ಳ ಗಿಡ.

ಇಬ್ಬನಿ
‘ಕಳ್ಳ’ ಎನ್ನುವ ಮಾತಿಗೆ ನನ್ನ ವಿರೋಧವಿದೆ. ಮೈಯೆಲ್ಲ ಬೆಳಕು ಕುಡಿದು ನಿಂತ ದೊಡ್ಡ ಮರಕ್ಕೆ ಆ ಗೇಣುದ್ದದ ಹೂವಿನಿಂದ ಎಷ್ಟು ನಷ್ಟವಾದೀತು? ಕಾಡಿಗೆ ನಮ್ಮ ಪೊಲೀಸ್ ಠಾಣೆಯ ಭಾಷೆ ಏಕೆ?

ಅಲೆಮಾರಿ27
ಭಾಷೆ ಯಾವುದಾದರೂ ಇರಲಿ, ಕೊಡುವುದೇನೂ ಕಾಣದೆ ತೆಗೆದುಕೊಳ್ಳುವುದಕ್ಕೆ ಒಂದು ಹೆಸರು ಬೇಕಲ್ಲ. ಪರಾವಲಂಬಿ ಎಂದರೆ ಒಪ್ಪುತ್ತೀರಾ?

ಇಬ್ಬನಿ
ಒಪ್ಪುತ್ತೇನೆ. ಅದು ಇರುವುದನ್ನು ಇದ್ದಂತೆ ಹೇಳುತ್ತದೆ.

ನೀಲಿಹಕ್ಕಿ
ತುಂಬೆಹೂ ಅವರು ನೋಡಿದ ಎರಡನೆಯ ಚಿತ್ರ ಕೊರಿಯೋಆಕ್ಟಿಸ್ ಗಿಯಾಸ್ಟರ್ ಎಂದು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಹತ್ತಿರ ಹನ್ನೊಂದು ವರ್ಷಗಳಿಂದ ಇದ್ದೇನೆ. ಇಷ್ಟು ವರ್ಷಗಳಲ್ಲಿ ಎರಡೇ ಸಲ ಅದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲ ಸಲ ಡಿಸೆಂಬರ್. ತೊರೆಯ ದಂಡೆಯಲ್ಲಿ ಸೀಡರ್ ಎಲ್ಮ್ ಮರದ ಸತ್ತ ಕೊರಡು, ಅದರ ಬುಡದಲ್ಲಿ ಕಂದು ಮಖಮಲ್ಲಿನಂತೆ ರೋಮವಿದ್ದ ನಾಲ್ಕು ಚುಟ್ಟಗಳು ನೆಟ್ಟಗೆ ನಿಂತಿದ್ದವು. ಇಲ್ಲಿಯವರು ಅದನ್ನು ‘ಸೈತಾನನ ಚುಟ್ಟ’ ಎಂದೇ ಕರೆಯುತ್ತಾರೆ. ಮೂರು ದಿನ ಬಿಟ್ಟು ಮತ್ತೆ ಹೋದೆ. ಒಂದು ಮೇಲಿನಿಂದ ಸೀಳಿಕೊಂಡು ಐದು ಎಸಳಾಗಿ ಹಿಂದಕ್ಕೆ ಬಾಗಿತ್ತು, ಒಳಗೆ ಕೆನೆಬಣ್ಣ. ಪಕ್ಕದ್ದು ನನ್ನ ಕಣ್ಣೆದುರೇ ಬಿರಿಯಿತು. ಮೊದಲು ಒಂದು ಹೊಗೆಯ ಎಳೆ ಎದ್ದಿತು. ಅದು ಬೀಜಾಣುಗಳ ಮೋಡ. ಜೊತೆಗೆ ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದಂತೆ ಸುಯ್ ಎಂಬ ಸದ್ದು. ನನ್ನ ಮಗಳು ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೆಯ ಸಲ ಮಾರನೆಯ ಚಳಿಗಾಲದಲ್ಲಿ, ಅದೇ ಕೊರಡಿನಲ್ಲಿ. ಮೂರನೆಯ ವರ್ಷ ಹೋದಾಗ ದಂಡೆಯನ್ನು ‘ಸ್ವಚ್ಛ’ ಮಾಡಿ ಕೊರಡನ್ನು ಬೇರುಸಮೇತ ಕಿತ್ತು ಸಾಗಿಸಿದ್ದರು. ಸತ್ತ ಮರ ಕಸ ಎಂದು ಯಾರು ತೀರ್ಮಾನಿಸಿದರೋ! ಇಂದಿಗೂ ಆ ಜಾಗ ದಾಟುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಂಜಿನಹನಿ
ಅಣಬೆ ಸದ್ದು ಮಾಡುತ್ತದೆಯೇ?! ಇದನ್ನು ಈವರೆಗೆ ಕೇಳಿರಲಿಲ್ಲ.

ಕವಕಜಾಲ
ಮಾಡುತ್ತದೆ, ಆದರೆ ಕಿವಿಗೆ ಕೇಳಿಸುವಷ್ಟು ಸದ್ದು ಮಾಡುವವು ತೀರಾ ಕಡಿಮೆ. ಎಸಳಿನ ಒಳಮೈಯಲ್ಲಿ ಬೀಜಾಣು ತುಂಬಿದ ಸೂಕ್ಷ್ಮ ಚೀಲಗಳು ಒತ್ತಾಗಿ ನಿಂತಿರುತ್ತವೆ. ಪ್ರತಿ ಚೀಲದೊಳಗೂ ನೀರಿನ ಒತ್ತಡ. ಸುತ್ತಲಿನ ಗಾಳಿಯ ತೇವ ತಟಕ್ಕನೆ ಬದಲಾದರೆ ಸಾವಿರಾರು ಚೀಲಗಳು ಒಟ್ಟಿಗೆ ಬಾಯಿಬಿಟ್ಟು ಬೀಜಾಣುಗಳನ್ನು ಚಿಮ್ಮುತ್ತವೆ. ಒಂದೊಂದರ ಸದ್ದು ಕೇಳದು, ಎಲ್ಲ ಸೇರಿದಾಗ ಕೇಳುತ್ತದೆ.

ಬೇರುಚಿಗುರು
ಒಂದು ತಕರಾರು. ಇದನ್ನು ‘ಅಣಬೆ’ ಎನ್ನಬಹುದೇ? ಕನ್ನಡದಲ್ಲಿ ಅಣಬೆ ಎಂದ ಕೂಡಲೇ ನಾಯಿಕೊಡೆ ಕಣ್ಣ ಮುಂದೆ ಬರುತ್ತದೆ. ಟೊಪ್ಪಿಗೆ, ಕೆಳಗೆ ಪದರಗಳು, ಕಾಂಡ. ಕೊರಿಯೋಆಕ್ಟಿಸ್‌ಗೆ ಟೊಪ್ಪಿಗೆಯೂ ಇಲ್ಲ, ಪದರಗಳೂ ಇಲ್ಲ. ಅದು ಬಟ್ಟಲು ಶಿಲೀಂಧ್ರಗಳ ಸಾಲಿನದು.

ಕವಕಜಾಲ
ಕೊಡೆಯ ಆಕಾರವಿದ್ದರೆ ಮಾತ್ರ ಅಣಬೆ ಎಂದರೆ ಅಣಬೆಗಳ ಅರ್ಧ ಲೋಕವೇ ಹೊರಗುಳಿಯುತ್ತದೆ. ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ನೆಲದಿಂದಲೋ ಮರದಿಂದಲೋ ಎದ್ದ ಶಿಲೀಂಧ್ರದ ಫಲಕಾಯಕ್ಕೆ ಜನ ಅಣಬೆ ಎನ್ನುತ್ತಾರೆ, ಅಷ್ಟು ಸಾಕು. ಟೆಕ್ಸಾಸ್ ಶಾಸನಸಭೆ 2021ರಲ್ಲಿ ಇದನ್ನೇ ರಾಜ್ಯದ ಅಣಬೆ ಎಂದು ಘೋಷಿಸಿದೆ. ಅಲ್ಲಿಯವರಿಗಿಲ್ಲದ ತಕರಾರು ನಮಗೇಕೆ?

ಬೇರುಚಿಗುರು
ಶಾಸನಸಭೆ ವರ್ಗೀಕರಣಶಾಸ್ತ್ರವನ್ನು ತೀರ್ಮಾನಿಸುವುದಿಲ್ಲ. ಆದರೆ ಪದದ ಬಗ್ಗೆ ಹಟ ಬಿಡುತ್ತೇನೆ. ನಿಜ ಹೇಳಬೇಕೆಂದರೆ ವಿಜ್ಞಾನಿಗಳೂ ಇದರ ಜಾಗ ಹುಡುಕಿ ದಣಿದಿದ್ದಾರೆ. 1893ರಲ್ಲಿ ಆಸ್ಟಿನ್‌ನಲ್ಲಿ ಅಂಡರ್‌ವುಡ್ ಎಂಬ ಸಸ್ಯವಿಜ್ಞಾನಿ ಸಂಗ್ರಹಿಸಿ ಶಿಲೀಂಧ್ರತಜ್ಞ ಪೆಕ್ ಅವರಿಗೆ ಕಳುಹಿಸಿದಾಗ ಅರ್ನುಲಾ ಎಂಬ ಕುಲದಲ್ಲಿಟ್ಟರು. 1902ರಲ್ಲಿ ಎಲ್ಸಿ ಕುಪ್ಫರ್ ಎಂಬ ವಿದ್ಯಾರ್ಥಿನಿ ಅದು ಸರಿಯಲ್ಲ ಎಂದು ತೋರಿಸಿ ಇದಕ್ಕಾಗಿಯೇ ಹೊಸ ಕುಲ ಮಾಡಿದರು. ಇಂದಿಗೂ ಆ ಕುಲದಲ್ಲಿ ಇದೊಂದೇ ಪ್ರಭೇದ.

ಪ್ರಶ್ನಾರ್ಥಕ
ಆ ಬಿಳಿ ಹೂವನ್ನು ತಿನ್ನಬಹುದೇ? ನೋವಿಗೆ ಔಷಧಿ ಎಂದು ಎಲ್ಲೋ ಓದಿದ ನೆನಪು.

ಇಬ್ಬನಿ
ದಯವಿಟ್ಟು ಆ ಯೋಚನೆಯನ್ನೇ ಬಿಡಿ. ಉತ್ತರ ಅಮೆರಿಕದಲ್ಲಿ ಇದರ ಅರ್ಕವನ್ನು ಮನೆಮದ್ದು ಎಂದು ಮಾರುವವರಿದ್ದಾರೆ, ಅದಕ್ಕಾಗಿ ಕಾಡಿನಿಂದಲೇ ಕೀಳುತ್ತಾರೆ. ಹೊಲದಲ್ಲೋ ಕುಂಡದಲ್ಲೋ ಬೆಳೆಸಿ ಕೊಡುವವರು ಯಾರೂ ಇಲ್ಲ. ಒಂದು ಬಾಟಲಿ ಎಂದರೆ ಕಾಡಿನ ಒಂದು ಗೊಂಚಲು ಹೋಯಿತು ಎಂದೇ ಅರ್ಥ.

ಮಂಜಿನಹನಿ
ಕುಂಡದಲ್ಲಿ ಏಕೆ ಬೆಳೆಸಲಾಗದು? ಮಣ್ಣುಸಮೇತ ಎತ್ತಿ ತಂದರೆ?

ಹಿಮದಹಾದಿ
ನಾನು ಹಾಗೆ ತಂದಿದ್ದೆ. ಹೇಳಿಕೊಳ್ಳಲು ಕಷ್ಟವಾಗುತ್ತದೆ, ಆದರೂ ಇನ್ನೊಬ್ಬರು ಮಾಡಬಾರದೆಂದು ಹೇಳುತ್ತಿದ್ದೇನೆ. ಹದಿನೈದು ವರ್ಷಗಳ ಹಿಂದೆ, ಕಾಡಿನಲ್ಲಿ ಐದಾರು ಹೂಗಳ ಒಂದು ಗೊಂಚಲನ್ನು ಬುಡದ ಮಣ್ಣಿನೊಂದಿಗೆ ಡಬ್ಬಿಯಲ್ಲಿಟ್ಟುಕೊಂಡೆ. ಬೆರಳು ತಾಗಿದ ಕಡೆಯೆಲ್ಲ ಕಪ್ಪು ಕಲೆ ಎದ್ದಿತು. ಸಂಜೆಯ ಹೊತ್ತಿಗೆ ಇಡೀ ಗೊಂಚಲು ಇದ್ದಿಲಿನಂತೆ ಕಪ್ಪಾಗಿ ಕುಸಿದಿತ್ತು. ಗಿಡವನ್ನು ತಂದೆ ಎಂದುಕೊಂಡಿದ್ದೆ, ಮರವನ್ನೂ ಶಿಲೀಂಧ್ರವನ್ನೂ ಅಲ್ಲೇ ಬಿಟ್ಟು ಬಂದಿದ್ದೆ. ಊಟದ ತಟ್ಟೆಯಿಂದ ಎಬ್ಬಿಸಿ ತಂದಂತಾಯಿತು.

ನಿವೃತ್ತಮೇಷ್ಟ್ರು
ಹೇಳಿದ್ದು ಒಳ್ಳೆಯದಾಯಿತು. ಪುಸ್ತಕದ ಹತ್ತು ಪುಟಕ್ಕಿಂತ ನಿಮ್ಮ ಈ ಅನುಭವ ಹೆಚ್ಚು ಕಲಿಸುತ್ತದೆ.

ಅಲೆಮಾರಿ27
ಮೂಲ ಪ್ರಶ್ನೆಗೆ ಬನ್ನಿ. ಅಪರೂಪ ಯಾವುದು? ಅಣಬೆಯೇ ಅಲ್ಲವೇ?

ನೀಲಿಹಕ್ಕಿ
ಅಣಬೆಯೇ. ಟೆಕ್ಸಾಸ್ ಮತ್ತು ಅದರ ಆಸುಪಾಸು, ಬಿಟ್ಟರೆ ಜಪಾನ್. ಇಡೀ ಭೂಮಿಯಲ್ಲಿ ಇಷ್ಟೇ. ನಡುವೆ 11,000 ಕಿಲೋಮೀಟರ್ ದೂರ. ಜಪಾನಿನಲ್ಲಿ ಮೊದಲು 1937ರಲ್ಲಿ ಕ್ಯೂಶೂ ದ್ವೀಪದಲ್ಲಿ ಸಿಕ್ಕಿತು, ಆಮೇಲೆ 1973ರವರೆಗೆ ಮತ್ತೆ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಎಲ್ಮ್ ಅಲ್ಲ, ಸತ್ತ ಓಕ್ ಮರದ ಮೇಲೆ. ಅಲ್ಲಿಯ ಹೆಸರು ಕಿರಿನೊಮಿಟಾಕೆ. ಬಿರಿಯುವ ಮೊದಲು ಕಿರಿ ಮರದ ಕಾಯಿಯಂತೆ ಕಾಣುವುದರಿಂದ ಆ ಹೆಸರು. ಸೈತಾನನಿಗಿಂತ ಅದೇ ಚೆಂದ.

ಹಿಮದಹಾದಿ
ಮೊನೊಟ್ರೋಪಾ ಅಷ್ಟು ಅಪರೂಪವಲ್ಲ. ಹಿಮಾಲಯ, ಚೀನಾ, ಜಪಾನ್, ಉತ್ತರ ಅಮೆರಿಕ, ದಕ್ಷಿಣಕ್ಕೆ ಕೊಲಂಬಿಯಾವರೆಗೂ ಇದೆ. ಆದರೆ ಒಂದೇ ಕಾಡಿನಲ್ಲಿ ಇಪ್ಪತ್ತು ಸಲ ನಡೆದರೂ ಕಾಣದಿರಬಹುದು, ಏಕೆಂದರೆ ನೆಲದ ಮೇಲೆ ಇರುವುದು ಕೆಲವೇ ವಾರ.

ಬೇರುಚಿಗುರು
ಇಲ್ಲಿ ನನಗೆ ಅತ್ಯಂತ ಸೋಜಿಗ ಎನಿಸುವ ವಿಷಯ ಬಂತು. ಇಬ್ಬರ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಷ್ಯಾದ ಪೂರ್ವ ಅಂಚು ಮತ್ತು ಅಮೆರಿಕ, ನಡುವೆ ಇಡೀ ಶಾಂತಸಾಗರ. ಪೂರ್ವ ಅಮೆರಿಕದ ಗಿಡಗಳ ನೆಂಟರು ಜಪಾನಿನಲ್ಲಿದ್ದಾರೆ ಎಂದು ಏಸಾ ಗ್ರೇ ಎಂಬ ಸಸ್ಯವಿಜ್ಞಾನಿ ಹತ್ತೊಂಬತ್ತನೆಯ ಶತಮಾನದಲ್ಲೇ ತೋರಿಸಿದ್ದರು. ಹಿಂದೆ ಉತ್ತರದಲ್ಲಿ ಹವೆ ಬೆಚ್ಚಗಿದ್ದಾಗ, ಏಷ್ಯಾ ಮತ್ತು ಅಲಾಸ್ಕ ನಡುವೆ ನೆಲದ ಸೇತುವೆ ಇದ್ದಾಗ, ಕಾಡು ಎರಡೂ ಕಡೆ ಒಂದೇ ಆಗಿ ಹಬ್ಬಿತ್ತು. ಚಳಿ ಬಂದು ನಡುವಿನದು ಅಳಿಯಿತು, ಎರಡು ತುದಿ ಉಳಿದವು.

ಕೊರಿಯೋಆಕ್ಟಿಸ್‌ನ ಡಿಎನ್‌ಎ ಹೋಲಿಸಿದವರು 2004ರಲ್ಲಿ ಹೇಳಿದ್ದು, ಟೆಕ್ಸಾಸಿನದೂ ಜಪಾನಿನದೂ ಬೇರೆಯಾಗಿ ಕಡಿಮೆಯೆಂದರೂ 1.9 ಕೋಟಿ ವರ್ಷಗಳಾಗಿವೆ ಎಂದು. ಅಷ್ಟು ಕಾಲ ದೂರವಿದ್ದರೂ ನೋಡಲು ಒಂದೇ ರೂಪ! ಮೊನೊಟ್ರೋಪಾದಲ್ಲೂ ಏಷ್ಯಾದವು, ಉತ್ತರ ಅಮೆರಿಕದವು, ಮಧ್ಯ ಮತ್ತು ದಕ್ಷಿಣ ಅಮೆರಿಕದವು ವಂಶವಾಹಿಯಲ್ಲಿ ಮೂರು ಬೇರೆ ಗುಂಪುಗಳಾಗಿವೆ. ಒಂದು ಹೂವು, ಒಂದು ಅಣಬೆ, ಎರಡರಲ್ಲೂ ಭೂಮಿಯ ಹಳೆಯ ಹವಾಮಾನದ ಗುರುತು.

ಕವಕಜಾಲ
ನಕ್ಷೆಯ ಮಾತು ಒಪ್ಪುತ್ತೇನೆ. ‘ಅಪರೂಪ’ ಎಂಬ ಪದವನ್ನು ಮಾತ್ರ ಎರಡಕ್ಕೂ ಒಂದೇ ಅಳತೆಯಲ್ಲಿ ಬಳಸಬೇಡಿ. ಗಿಡವನ್ನು ಎಣಿಸಬಹುದು. ಅಣಬೆ ಹಣ್ಣಿದ್ದಂತೆ, ಅದರ ‘ಮರ’ ಎಳೆಗಳ ಬಲೆಯಾಗಿ, ಅಂದರೆ ಕವಕಜಾಲವಾಗಿ, ಕೊರಡಿನೊಳಗೆ ಅಡಗಿದೆ. ಹತ್ತು ವರ್ಷ ಫಲಕಾಯ ಕಾಣದಿದ್ದರೂ ಜೀವ ಒಳಗಿರಬಹುದು. ಶಿಲೀಂಧ್ರಗಳ ಪ್ರಭೇದಗಳು ಲೋಕದಲ್ಲಿ 22ರಿಂದ 38 ಲಕ್ಷ ಇರಬಹುದೆಂದು 2017ರ ಅಂದಾಜು. ಹೆಸರು ಪಡೆದವು ಒಂದೂವರೆ ಲಕ್ಷದ ಆಸುಪಾಸು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಶಿಲೀಂಧ್ರಗಳ ಸಂಖ್ಯೆ ಸಾವಿರ ದಾಟಿದೆ ಎಂಬ ಸುದ್ದಿ ಬಂದದ್ದೇ 2025ರಲ್ಲಿ. ಗಿಡಗಳಾದರೋ ಅಲ್ಲಿ ಹತ್ತಾರು ಸಾವಿರ. ಗಿಡಕ್ಕೆ ವಕೀಲರಿದ್ದಾರೆ, ಶಿಲೀಂಧ್ರದ ಪರ ನಿಲ್ಲುವವರು ಕಡಿಮೆ.

ಬೇರುಚಿಗುರು
ಎಣಿಕೆ ಗಿಡಕ್ಕೂ ಅಷ್ಟು ಸುಲಭವಲ್ಲ! ಮೊನೊಟ್ರೋಪಾದ ಬೇರಿನ ಉಂಡೆಯೂ ಹೂವಿನ ಕಾಲ ಬಿಟ್ಟು ಮಿಕ್ಕೆಲ್ಲ ದಿನ ಮಣ್ಣಿನೊಳಗೇ ಇರುತ್ತದೆ. ನೀವು ಅಣಬೆಗೆ ಹೇಳಿದ ಮಾತೇ ಈ ಹೂವಿಗೂ ಒಪ್ಪುತ್ತದೆ. ಬೀಜ ನೋಡಿ, ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲದಂತೆ. ತನಗೆ ಒಗ್ಗುವ ಶಿಲೀಂಧ್ರ ಪಕ್ಕದಲ್ಲಿ ಸಿಗದಿದ್ದರೆ ಮೊಳೆಯುವುದಿಲ್ಲ. ಬೀಜವಾದರೂ ಬಾಳು ಬೀಜಾಣುವಿನದು.

ಕವಕಜಾಲ
ಇದು ಒಳ್ಳೆಯ ಮಾತು. ಒಪ್ಪಿದೆ.

ಮಂಜಿನಹನಿ
ಹೂವು ನೆಲ ನೋಡುವುದು ಏಕೆ? ಅದನ್ನು ನೋಡಿದರೆ ಏಕೋ ಮನಸ್ಸು ಭಾರವಾಗುತ್ತದೆ.

ಇಬ್ಬನಿ
ಭಾರ ಮಾಡಿಕೊಳ್ಳಬೇಡಿ, ಮುಂದೆ ಅದು ತಲೆ ಎತ್ತುತ್ತದೆ! ಬಂಬಲ್ ದುಂಬಿಗಳು ಬಂದು ಪರಾಗಸ್ಪರ್ಶವಾದ ಮೇಲೆ ಕಾಂಡ ನಿಧಾನವಾಗಿ ನೆಟ್ಟಗಾಗಿ, ಕಾಯಿ ಆಕಾಶ ನೋಡುತ್ತದೆ. ಮೊನೊಟ್ರೋಪಾ ಎಂದರೆ ಗ್ರೀಕಿನಲ್ಲಿ ‘ಒಂದು ತಿರುವು’. ಕನ್ನಡದಲ್ಲಿ ಇದಕ್ಕೆ ಹೆಸರು ಕೊಡುವುದಾದರೆ ‘ಭೂತದ ಹೂ’, ‘ಹೆಣದ ಗಿಡ’ ಎಂದು ಇಂಗ್ಲಿಷಿನಿಂದ ಎತ್ತಿ ತರಬೇಡಿ. ‘ಬಾಗುಬೆಳ್ಳಿ’ ಎಂದರೆ ಹೇಗೆ?

ನಿವೃತ್ತಮೇಷ್ಟ್ರು
ಬಾಗುಬೆಳ್ಳಿ ಚೆನ್ನಾಗಿದೆ. ಹಾಗಾದರೆ ಆ ಅಣಬೆಗೆ ‘ಸುಯ್‌ತಾರೆ’ ಎನ್ನೋಣ.

ಹಿಮದಹಾದಿ
ಹೆಸರಿಡುವ ಮೊದಲು ಒಂದು ಎಚ್ಚರಿಕೆ. ಹಿಮಾಲಯದಲ್ಲಿ ಇದನ್ನೇ ಹೋಲುವ ಇನ್ನೊಂದು ಗಿಡವಿದೆ, ಮೊನೊಟ್ರೋಪಾಸ್ಟ್ರಮ್ ಹ್ಯುಮೈಲ್. ಜಪಾನಿನಲ್ಲಿ ಅದನ್ನು ಗಿನ್‌ರ್ಯೋಸೋ, ಅಂದರೆ ಬೆಳ್ಳಿ ನಾಗನ ಗಿಡ ಎನ್ನುತ್ತಾರೆ. ನಮ್ಮ ಮೊನೊಟ್ರೋಪಾಕ್ಕೆ ಅಲ್ಲಿ ‘ಶರತ್ಕಾಲದ ಗಿನ್‌ರ್ಯೋಸೋ’ ಎಂಬ ಹೆಸರು. ಹೂವಿನಲ್ಲಿ ಭೇದ ತಿಳಿಯುವುದು ಕಷ್ಟ, ಕಾಯಿಯಲ್ಲಿ ಸುಲಭ. ಮೊನೊಟ್ರೋಪಾದ್ದು ನೆಟ್ಟಗೆ ನಿಂತು ಒಣಗಿ ಸೀಳುವ ಕಾಯಿ. ಇನ್ನೊಂದರದ್ದು ತಲೆ ಎತ್ತದ, ರಸವಿರುವ ಬಿಳಿ ಹಣ್ಣು. ಆ ಹಣ್ಣನ್ನು ತಿಂದು ಬೀಜ ಹರಡುವುದರಲ್ಲಿ ರೆಕ್ಕೆಯಿಲ್ಲದ ಮಿಡತೆಯಂಥ ಕೀಟಗಳ ಪಾಲಿದೆ ಎಂದು ಕೋಬೆ ವಿಶ್ವವಿದ್ಯಾಲಯದ ಸುಎತ್ಸುಗು 2018ರಲ್ಲಿ ತೋರಿಸಿದ್ದಾರೆ. ತುಂಬೆಹೂ ಅವರೇ, ನಿಮ್ಮ ಚಿತ್ರಗಳಲ್ಲಿ ಕಾಯಿ ಇದೆಯೇ?

ತುಂಬೆಹೂ
ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ತಮ್ಮನ ಜೊತೆ ಕೂತು ಆ ದಿನದ ನಲವತ್ತೊಂದು ಚಿತ್ರಗಳನ್ನೂ ನೋಡಿದೆ. ಬಿಳಿ ಗೊಂಚಲಿನ ಎಡಕ್ಕೆ ಮೂರು ಕಪ್ಪು ಕಡ್ಡಿಗಳು ನೆಟ್ಟಗೆ ನಿಂತಿವೆ. ಇಷ್ಟು ದಿನ ಯಾರೋ ಬೆಂಕಿ ಹಾಕಿದ ಕಡ್ಡಿ ಎಂದುಕೊಂಡಿದ್ದೆ. ದೊಡ್ಡದು ಮಾಡಿದಾಗ ಪ್ರತಿಯೊಂದರ ತುದಿಯಲ್ಲೂ ಒಣಗಿ ಸೀಳಿದ ಪುಟ್ಟ ಕಾಯಿ, ಮೇಲ್ಮುಖವಾಗಿ. ಬಾಗುಬೆಳ್ಳಿಯೇ!

ತಮ್ಮ ಒಪ್ಪಿಕೊಂಡ. ಆದರೆ ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಅಕ್ಕ, ಇದಕ್ಕೆ ಊಟ ಹಾಕಿದ ಆ ಅಣಬೆ ಎಲ್ಲಿ?” ಹೂವಿನ ಹದಿನೆಂಟು ಚಿತ್ರ ತೆಗೆದಿದ್ದೇನೆ, ಅಣಬೆಯದು ಒಂದೂ ಇಲ್ಲ. ಹುಡುಕಿದಾಗ ಒಂದು ಚಿತ್ರದ ಅಂಚಿನಲ್ಲಿ, ಅರ್ಧ ಕತ್ತರಿಸಿಹೋದಂತೆ, ಕೆಂಪು ಟೊಪ್ಪಿಗೆಯೊಂದು ಕಂಡಿತು. ಕವಕಜಾಲ ಅವರೇ, ಅದು ರುಸುಲಾ ಇರಬಹುದೇ?

ಕವಕಜಾಲ
ಟೊಪ್ಪಿಗೆಯ ಬಣ್ಣ ನೋಡಿ ಹೇಳಲಾರೆ. ಕಾಂಡ ಮುರಿದು ನೋಡಿದ್ದಿರಾ? ರುಸುಲಾ ಆಗಿದ್ದರೆ ಸೀಮೆಸುಣ್ಣದಂತೆ ಪಟ್ಟನೆ ಮುರಿಯುತ್ತದೆ, ನಾರು ಬಿಡುವುದಿಲ್ಲ.

ತುಂಬೆಹೂ
ಮುಟ್ಟಲೇ ಇಲ್ಲ. ಅದರ ಪಕ್ಕದಲ್ಲೇ ಮಂಡಿಯೂರಿ ಹೂವಿನ ಚಿತ್ರ ತೆಗೆಯುತ್ತಿದ್ದೆ.